ಕಾಲಿಗೂ ಪಂಪಿಗೂ ನಡುವಿನ ಸರಳು ಎಲ್ಲಿ ಹೋತು? – ಡೀಸೆಲ್ ಗಾಡಿಯ ಎಕ್ಸಲೇಟರ್ ಸೆನ್ಸರಿನ ಇತಿಹಾಸ



ಈ ಸಲ ಚಾಟ್ನಿ, ಔಷಧ, ಮಣೂಕದ ರೇಟು ಯಾವುದೂ ಇಲ್ಲ. ನಮ್ಮ ಮಾಲನ್ನು ಹೊಲದಿಂದ ಪ್ಯಾಟಿಗೆ ಮುಟ್ಟಿಸುವ ಡೀಸೆಲ್ ಗಾಡಿಯೊಳಗಿನ ಒಂದು ಸಣ್ಣ ಸಾಮಾನಿನ ಬಗ್ಗೆ ಬರೆದೇನಿ. ಕಂಪನಿ ಪುಸ್ತಕದಾಗ ಅದಕ್ಕ ಥ್ರಾಟಲ್ ಪೊಸಿಶನ್ ಸೆನ್ಸರ್ ಅಂತಾರ. ಗ್ಯಾರೇಜಿನಾಗ ಬರೇ ಟಿಪಿಎಸ್, ಇಲ್ಲಾ ಎಕ್ಸಲೇಟರ್ ಸೆನ್ಸರ್. ಗಾಂಧಿ ಚೌಕದಾಗ ಚಹಾ ಕುಡಿಯಲಿಕ್ಕೆ ನಿಂತರ ತಿಕೋಟಾ ಕಡೆಯವರು, ಬಬಲೇಶ್ವರ ಕಡೆಯವರು ಯಾರಾದರೂ ಒಬ್ಬರು ಸಿಕ್ಕೇ ಸಿಗತಾರ. ಮಳಿ, ರೇಟು ಮಾತು ಮುಗಿದ ಮ್ಯಾಲ ಈಗೀಗ ಇದೊಂದು ಮಾತು ಬರತೈತಿ: "ಎಷ್ಟು ಒತ್ತಿದ್ರೂ ಗಾಡಿ ಏರವಲ್ದು, ಸೆನ್ಸರ್ ಹೋಗೇತಿ ಅಂತಾರ, ಸಾವಿರಗಟ್ಟಲೆ ಬಿಲ್ ಹೇಳ್ಯಾರ."

ನಮ್ಮ ಅಪ್ಪಂದಿರ ಕಾಲದ ಗಾಡಿಗೆ ಈ ಸಾಮಾನೇ ಇರಲಿಲ್ಲ. ಹಂಗಾದ್ರ ಯಾಕ ಬಂತು, ಯಾರಿಗೆ ಬೇಕಾಗಿತ್ತು, ಬದಲಿ ಮಾಡಿಸುವ ಮುಂಚೆ ನಾವು ಏನು ಕೇಳಬೇಕು, ಇದಿಷ್ಟು ಹೇಳತೀನಿ. ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡಿಕೊಂಡು ಓದ್ರಿ.

ಮೊದಲು ಒಂದು ಮಾತು ತಿಳಕೋಬೇಕು. ಡೀಸೆಲ್ ಇಂಜಿನಿಗೆ ಹುಟ್ಟಿನಿಂದ ಥ್ರಾಟಲ್ ಇಲ್ಲ. ಥ್ರಾಟಲ್ ಅಂದ್ರ ಗಾಳಿ ಹೋಗುವ ಕೊಳವೆಯೊಳಗಿನ ಮುಚ್ಚಳ. ಪೆಟ್ರೋಲ್ ಗಾಡಿಯಲ್ಲಿ ಎಕ್ಸಲೇಟರ್ ಒತ್ತಿದರೆ ಆ ಮುಚ್ಚಳ ತೆರೆದು ಗಾಳಿ ಹೆಚ್ಚು ಹೋಗುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತದೆ. ಡೀಸೆಲ್ ಇಂಜಿನ್ ಹಂಗಲ್ಲ. ಅದು ಪ್ರತಿ ಸಲ ಹೊಟ್ಟೆ ತುಂಬ ಗಾಳಿ ಎಳೆದುಕೊಳ್ಳುತ್ತದೆ. ಒಳಗ ಹೋಗುವ ಡೀಸೆಲ್ ಎಷ್ಟು ಅನ್ನುವುದರ ಮ್ಯಾಲ ಅದರ ಜೋರು. ಅಂದ್ರ ಡೀಸೆಲ್ ಗಾಡಿಯಲ್ಲಿ ನಮ್ಮ ಕಾಲು ಆಳಿದ್ದು ಗಾಳಿಯನ್ನಲ್ಲ, ಪಂಪನ್ನು. ಕೆಲವು ಸಣ್ಣ ಹಳೆ ಇಂಜಿನ್‌ಗಳಲ್ಲಿ ಗಾಳಿ ಕೊಳವೆಯಲ್ಲಿ ಮುಚ್ಚಳ ಇಟ್ಟು, ಅದರ ಎಳೆತದಿಂದ ಪಂಪನ್ನು ನಡೆಸುವ ಪದ್ಧತಿ ಇತ್ತು. ಅದು ಬಿಟ್ಟರ ದೊಡ್ಡ ಲಾರಿಗಳೆಲ್ಲ ಕಾಲಿನಿಂದ ಸೀದಾ ಪಂಪಿಗೆ.

ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದ, 1897ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ಸರಿಯಾಗಿ ಓಡುವ ಇಂಜಿನ್ ಮಾಡಿ ತೋರಿಸಿದ. ಆದರೆ ಅದರಲ್ಲಿ ಎಣ್ಣೆಯನ್ನು ಒತ್ತಿದ ಗಾಳಿಯಿಂದ ಊದುತ್ತಿದ್ದರು, ಅದಕ್ಕೆ ಬೇರೆ ಕಂಪ್ರೆಸರ್ ಬೇಕಾಗಿತ್ತು. ಕಾರ್ಖಾನೆಗೆ, ಹಡಗಿಗೆ ನಡೀತು, ಗಾಡಿಗೆ ನಡೀಲಿಲ್ಲ. ಗಾಡಿಗೆ ಒಗ್ಗಿದ್ದು 1927ರಿಂದ, ರಾಬರ್ಟ್ ಬಾಷ್ ಕಂಪನಿ ಸಾಲು ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರು ಮಾಡಲು ಶುರು ಮಾಡಿದ ಮ್ಯಾಲ.

ಆ ಪಂಪು ಬಿಚ್ಚಿದ್ದನ್ನು ನೋಡಿದವರಿಗೆ ಗೊತ್ತು. ಒಂದೊಂದು ಸಿಲಿಂಡರಿಗೆ ಒಂದೊಂದು ಪ್ಲಂಜರ್, ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಗಾಡಿ. ಪ್ಲಂಜರನ್ನು ತಿರುವಿದಷ್ಟು ಎಣ್ಣೆ ಹೆಚ್ಚು ಕಡಿಮೆ. ಎಲ್ಲಾ ಪ್ಲಂಜರನ್ನು ಒಟ್ಟಿಗೆ ತಿರುವುವುದು ಹಲ್ಲಿನ ಒಂದು ಸರಳು, ಅದಕ್ಕ ರ್ಯಾಕ್ ಅಂತಾರ. ಹಿಂದೆ ಗವರ್ನರ್. ತಿರುಗುವ ಗುಂಡು ದೂರ ಸರಿದಂಗ ವೇಗ ಕಡಿಮೆ ಮಾಡುವ ಈ ಯುಕ್ತಿಯನ್ನು 1788ರಲ್ಲೇ ಜೇಮ್ಸ್ ವ್ಯಾಟ್ ಉಗಿ ಇಂಜಿನಿಗೆ ಹಚ್ಚಿದ್ದ. ಚಾಲಕನ ಕಾಲಿನಿಂದ ಗವರ್ನರಿನ ಲೀವರ್ ತನಕ ಬರೇ ಸರಳು, ಇಲ್ಲಾ ತಂತಿ, ವಾಪಸ್ ಎಳೆಯಲಿಕ್ಕೆ ಒಂದು ಸ್ಪ್ರಿಂಗ್. ಇಷ್ಟೇ.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ನಾವೆಲ್ಲ ಕರೆಯುವ ಹೆಸರು ಮೈಕೋ. ಬೆಂಗಳೂರಿನ ಆಡುಗೋಡಿಯ ಆ ಕಾರ್ಖಾನೆಯಿಂದ ಬಂದ ಪಂಪು, ನಾಜಲ್ ಹೆಸರು ಹೇಳಿದರೆ ಹಳೆ ಮಿಸ್ತ್ರಿಗಳ ಮುಖ ಈಗಲೂ ಅರಳತೈತಿ. 1954ರಲ್ಲಿ ಟೆಲ್ಕೋ ಕಂಪನಿ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿತು. 1955ರಲ್ಲಿ ಮದ್ರಾಸಿನ ಅಶೋಕ್ ಮೋಟಾರ್ಸ್ ಹೋಗಿ ಅಶೋಕ್ ಲೇಲ್ಯಾಂಡ್ ಆಯಿತು. 1986ರಲ್ಲಿ ಟಾಟಾ 407 ಬಂತು. ನಮ್ಮಂಥ ಸಣ್ಣ ಹಿಡುವಳಿಯವರ ಮಾಲಿಗೆ ತಕ್ಕ ಗಾಡಿ ಅದು. 2005ರಲ್ಲಿ ಟಾಟಾ ಏಸ್ ಬಂದ ಮ್ಯಾಲಂತೂ ಓಣಿ ಓಣಿಯೊಳಗ ಡೀಸೆಲ್ ಗಾಡಿ ಹೊಕ್ಕಿತು. ಮೈಕೋ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಆದರೆ ಹಳಬರ ಬಾಯಿಯಲ್ಲಿ ಇನ್ನೂ ಮೈಕೋ ಪಂಪೇ.

ಆ ಕಾಲದ ಗಾಡಿ ಅಥಣಿ ರಸ್ತೆಯಲ್ಲಿ ಎಕ್ಸಲೇಟರ್ ತಂತಿ ಹರಕೊಂಡು ನಿಂತರೆ ಯಾರೂ ಗಾಬರಿ ಆಗತಿರಲಿಲ್ಲ. ಕ್ಲೀನರ್ ಹುಡುಗ ಕೆಳಗ ಇಳಿದು ಕಣ್ಣಿಂದ ನೋಡತಿದ್ದ. ಎಲ್ಲಿ ಹರದೈತಿ ಅಂತ ಕಾಣತಿತ್ತು. ಸೈಕಲ್ ಬ್ರೇಕಿನ ತಂತಿ, ಒಂದು ತುಂಡು ಕಟ್ಟುವ ತಂತಿ, ಟ್ಯೂಬಿನ ರಬ್ಬರ್, ಏನಾದರೊಂದು ಕಟ್ಟಿ ಊರು ಮುಟ್ಟತಿದ್ದರು. ಕೆಟ್ಟದ್ದು ಕಣ್ಣಿಗೆ ಕಾಣುವುದು ಒಂದು ದೊಡ್ಡ ಬಲ. ಬಿಲ್ ಹೇಳುವವನೂ ಸುಳ್ಳು ಹೇಳಲಿಕ್ಕೆ ಬರತಿರಲಿಲ್ಲ.

ಹಂಗಂತ ಹಳೇದೆಲ್ಲ ಬಂಗಾರ ಅನ್ನಲಿಕ್ಕೂ ಬರಂಗಿಲ್ಲ. ಪಂಪಿನ ಮ್ಯಾಲ ಕಂಪನಿಯವರು ಸೀಲ್ ಹಾಕಿ ಕೊಡತಿದ್ದರು. ಗಾಡಿ ಇನ್ನೂ ಎಳೀಬೇಕು ಅಂತ ಆ ಸೀಲ್ ಒಡೆದು ಸ್ಕ್ರೂ ತಿರುವುವುದು ಎಲ್ಲಾ ಕಡೆ ನಡೀತಿತ್ತು. ಗಾಳಿ ಅಷ್ಟೇ ಇದ್ದು ಎಣ್ಣೆ ಹೆಚ್ಚು ಸುರಿದರೆ ಪೂರ್ತಿ ಸುಡುವುದಿಲ್ಲ, ಕರಿ ಹೊಗೆಯಾಗಿ ಹೊರಗ ಬರತೈತಿ. ಏರಿನಲ್ಲಿ ಲಾರಿ ಹಿಂದೆ ಸೈಕಲ್ ಮ್ಯಾಲ ಹೋದವರಿಗೆ ಆ ಹೊಗೆ ಮರೆಯಂಗಿಲ್ಲ. ಇಡೀ ದಿನ ಚೌಕದಾಗ ಕುಂತು ಕಾಯಿಪಲ್ಯ ಮಾರುವ ಅಕ್ಕಂದಿರು ಉಸಿರಾಡಿದ್ದೂ ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್ ತಿಂಗಳಲ್ಲಿ ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಹೇಳಿತು.

ಸೆನ್ಸರಿನ ಇತಿಹಾಸ ಶುರುವಾಗುವುದು ಈ ಹೊಗೆಯಿಂದ. 1985ರಲ್ಲಿ ವಕೀಲ ಎಂ.ಸಿ. ಮೆಹ್ತಾ ದೆಹಲಿಯ ಗಾಡಿಗಳ ಹೊಗೆ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೊಗೆಗೆ ಮಿತಿ ಬಂತು. 2000ದಲ್ಲಿ ಯುರೋಪಿನ ಮೊದಲ ಹಂತಕ್ಕೆ ಸಮನಾದ ನಿಯಮ ದೇಶಕ್ಕೆಲ್ಲ ಬಂತು. ಆಮೇಲೆ ಬಿಎಸ್-2, 2010ರಲ್ಲಿ ಬಿಎಸ್-3, 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-4. ಆ ವರ್ಷ ಮಾರ್ಚ್ 29ಕ್ಕೆ ಸುಪ್ರೀಂ ಕೋರ್ಟ್ ಬಿಎಸ್-3 ಗಾಡಿ ಮಾರುವಂತಿಲ್ಲ ಅಂದಾಗ ಶೋರೂಮಿನವರು ಎರಡೇ ದಿನದಾಗ ರಿಯಾಯಿತಿ ಕೊಟ್ಟು ಗಾಡಿ ಖಾಲಿ ಮಾಡಿದ್ದು ನಿಮಗೂ ನೆನಪಿರಬೇಕು. ಐದನೇ ಹಂತ ಬಿಟ್ಟು ಜಿಗಿದು 2020ರ ಏಪ್ರಿಲ್ 1ರಿಂದ ಬಿಎಸ್-6. ಡೀಸೆಲ್‌ನೊಳಗಿನ ಗಂಧಕ ಬಿಎಸ್-3ರಲ್ಲಿ ಹತ್ತು ಲಕ್ಷಕ್ಕೆ 350 ಭಾಗ ಇದ್ದದ್ದು ಬಿಎಸ್-4ರಲ್ಲಿ 50, ಬಿಎಸ್-6ರಲ್ಲಿ 10ಕ್ಕೆ ಇಳಿಯಿತು.

ಈಗ ಕಾಲಿನ ಮಾತಿಗೆ ಬರೋಣ. ಹೊಗೆ ಕಡಿಮೆ ಆಗಬೇಕಾದರೆ ಎಣ್ಣೆಯನ್ನು ಕಾಲಿನ ಇಚ್ಛೆಗೆ ಬಿಡುವಂತಿಲ್ಲ. ಒಳಗ ಎಷ್ಟು ಗಾಳಿ ಐತಿ, ಇಂಜಿನ್ ಎಷ್ಟು ಬಿಸಿ ಐತಿ ನೋಡಿ ಅಷ್ಟಕ್ಕೇ ಎಣ್ಣೆ ಕೊಡಬೇಕು. ಅದನ್ನು ಲೆಕ್ಕ ಹಾಕಲಿಕ್ಕೆ ಕಂಪ್ಯೂಟರ್ ಡಬ್ಬಿ, ಇಸಿಎಂ, ಬಂತು. ಆ ಡಬ್ಬಿಗೆ 'ಚಾಲಕ ಎಷ್ಟು ಕೇಳಾಕತ್ಯಾನ' ಅಂತ ಹೇಳುವವರು ಒಬ್ಬರು ಬೇಕಲ್ರಿ? ಅವನೇ ಈ ಸೆನ್ಸರ್.

ಇದು ಒಂದೇ ಸಲ ಬರಲಿಲ್ಲ, ಮೂರು ಮೆಟ್ಟಿಲು ಹತ್ತಿ ಬಂತು. ಇದನ್ನು ಸರಿಯಾಗಿ ನೆನಪಿಡ್ರಿ, ಸಾಮಾನು ಕೊಳ್ಳುವಾಗ ರೊಕ್ಕ ಉಳಿಸುವುದು ಇದೇ.

ಮೊದಲನೇ ಮೆಟ್ಟಿಲು ಪಂಪಿನ ಲೀವರ್ ಮ್ಯಾಲ. ಕಾಲಿನಿಂದ ಪಂಪಿಗೆ ತಂತಿ ಹಂಗೇ ಇತ್ತು, ಲೀವರಿಗೆ ಒಂದು ಸೆನ್ಸರ್ ಅಂಟಿಸಿದರು. ಅಮೆರಿಕದ ಡೀಸೆಲ್ ಪಿಕಪ್‌ಗಳಲ್ಲಿ 1980ರ ದಶಕದ ಕೊನೆಯಿಂದ ಇದನ್ನು ಹಾಕಿದ್ದು ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸಿಗಾಗಿ. ಇಂಜಿನಿಗೆ ಅದರ ಹಂಗಿರಲಿಲ್ಲ. ನಮ್ಮಲ್ಲಿ ಕೆಲವು ಬಿಎಸ್-3 ಗಾಡಿಗಳಲ್ಲಿ ಹಾಕಿದ್ದು ಇಜಿಆರ್ ಸಲುವಾಗಿ. ಇಜಿಆರ್ ಅಂದ್ರ ಸುಟ್ಟ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನಿಗೇ ತಿರುಗಿಸಿ ಕೊಟ್ಟು ಒಳಗಿನ ಬೆಂಕಿಯ ಬಿಸಿ ತಗ್ಗಿಸುವುದು. ಏರಿನಲ್ಲಿ ಪೂರ್ತಿ ಒತ್ತಿದಾಗ ಈ ದಾರಿ ಮುಚ್ಚಬೇಕು, ಇಲ್ಲಾಂದ್ರ ಹೊಗೆ ಬರತೈತಿ, ಎಳೆತ ಹೋಗತೈತಿ. ಯಾವಾಗ ಮುಚ್ಚಬೇಕು ಅಂತ ಹೇಳುವುದು ಆ ಸೆನ್ಸರ್.

ಎರಡನೇ ಮೆಟ್ಟಿಲು ಕಾಲಿನ ಪೆಡಲಿನಲ್ಲೇ. ಕಾಮನ್ ರೈಲ್ ಪದ್ಧತಿಗೆ ಇದು ಬೇಕೇ ಬೇಕು. 1995ರಲ್ಲಿ ಜಪಾನಿನ ಡೆನ್ಸೊ ಲಾರಿಗೆ, 1997ರಲ್ಲಿ ಬಾಷ್ ಕಾರಿಗೆ ಇದನ್ನು ತಂದವು. ಬಾಷ್‌ನ ಮೊದಲ ಕಾಮನ್ ರೈಲಿನಲ್ಲೇ ಎಣ್ಣೆಯ ಒತ್ತಡ 1,350 ಬಾರ್. ಕಾರಿನ ಟಯರಿನಲ್ಲಿ ಎರಡು ಚಿಲ್ಲರೆ ಬಾರ್ ಇರತೈತಿ, ಲೆಕ್ಕ ಹಾಕ್ರಿ. ಅಷ್ಟು ಒತ್ತಡದ ಎಣ್ಣೆಯನ್ನು ಕಣ್ಣು ಮಿಟುಕಿಸುವುದರೊಳಗ ಹಲವು ಸಲ ಬಿಡುವ ಕೆಲಸ ತಂತಿಯಿಂದ ಆಗಂಗಿಲ್ಲ. ತಂತಿ ತೆಗೆದೇಬಿಟ್ಟರು. ಈಗ ಕಾಲು ಬರೇ ಕೇಳತೈತಿ, ಕೊಡುವುದು ಬಿಡುವುದು ಡಬ್ಬಿ.

ಮೂರನೇ ಮೆಟ್ಟಿಲು ಗಾಳಿ ಕೊಳವೆ. ಹುಟ್ಟಿನಿಂದ ಇಲ್ಲದ ಮುಚ್ಚಳ ಈಗ ಡೀಸೆಲ್ ಗಾಡಿಗೂ ಬಂದೈತಿ. ಇಜಿಆರ್ ಹೊಗೆ ಎಳೆಯಲಿಕ್ಕೆ, ಸೈಲೆನ್ಸರಿನ ಮಸಿ ಜಾಲಿಯನ್ನು ಬಿಸಿ ಮಾಡಿ ಸುಡಲಿಕ್ಕೆ ಅದು ಬೇಕು. ಅದನ್ನು ತಿರುವುವುದು ಸಣ್ಣ ಮೋಟಾರ್, ಅದು ಎಲ್ಲಿಗೆ ತಿರುಗಿತು ಅಂತ ನೋಡಲಿಕ್ಕೆ ಅದರೊಳಗೂ ಒಂದು ಸೆನ್ಸರ್.

ಅಂದ್ರ 'ಟಿಪಿಎಸ್ ಹೋಗೇತಿ' ಅಂತ ಯಾರಾದರೂ ಅಂದರೆ ಮೊದಲ ಪ್ರಶ್ನೆ: ಯಾವುದು? ಪಂಪಿನ ಮ್ಯಾಲಿಂದೋ, ಪೆಡಲಿಂದೋ, ಗಾಳಿ ಕೊಳವೆದೋ? ಮೂರಕ್ಕೂ ರೇಟು ಬ್ಯಾರೆ, ಕೆಲಸ ಬ್ಯಾರೆ.

ಇನ್ನು ಒಳಗ ಏನೈತಿ? ಹಳೆ ರೇಡಿಯೋದ ವಾಲ್ಯೂಮ್ ಗುಂಡಿ ಬಿಚ್ಚಿ ನೋಡಿದವರಿಗೆ ಹೊಸದಾಗಿ ಹೇಳುವುದು ಬೇಡ. ಒಂದು ಕರಿ ಪಟ್ಟಿ, ಅದರ ಮ್ಯಾಲ ಸರಿಯುವ ಒಂದು ನಾಲಿಗೆ. ಪಟ್ಟಿಯ ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿಗೆ ಅರ್ಥ್. ನಾಲಿಗೆ ಎಲ್ಲಿ ನಿಂತೈತೋ ಅಷ್ಟು ವೋಲ್ಟ್ ಡಬ್ಬಿಗೆ ಹೋಗತೈತಿ. ಹೊಸ ಗಾಡಿಗಳಲ್ಲಿ ಉಜ್ಜುವ ನಾಲಿಗೆ ಬದಲು ಅಯಸ್ಕಾಂತ ಇರತೈತಿ, ಸವೆಯುವುದಿಲ್ಲ. 

ಇದರಾಗ ಒಂದು ಜಾಣತನ ಐತಿ. ಕಾಲು ಪೂರ್ತಿ ಬಿಟ್ಟಾಗ ಸೊನ್ನೆ ವೋಲ್ಟ್ ಬರುವಂಗ, ಪೂರ್ತಿ ಒತ್ತಿದಾಗ 5 ಬರುವಂಗ ಮಾಡಿಲ್ಲ. ಯಾಕಂದ್ರ ವೈರ್ ಕಡಿದರೆ ಸೊನ್ನೆ ಬರತೈತಿ, ವೈರಿಗೆ ವೈರ್ ತಾಗಿದರೆ 5 ಬರತೈತಿ. ಆ ಎರಡನ್ನೂ ಕೆಟ್ಟ ಸುದ್ದಿಗೆ ಬಿಟ್ಟು, ನಡುವಿನದ್ದನ್ನು ಮಾತ್ರ ಕಾಲಿಗೆ ಇಟ್ಟಾರ. ಪೆಡಲಿನಲ್ಲಂತೂ ಪಟ್ಟಿ ಎರಡು. ಬಹಳ ಗಾಡಿಗಳಲ್ಲಿ ಒಂದು ಹೇಳಿದ್ದರ ಅರ್ಧ ಇನ್ನೊಂದು ಹೇಳಬೇಕು. ಒಂದು 0.7 ಅಂದ್ರ ಇನ್ನೊಂದು 0.35 ಹತ್ತಿರ. ಎರಡು ಸಾಕ್ಷಿ ಒಂದೇ ಮಾತು ಹೇಳಲಿಲ್ಲ ಅಂದ್ರ ಡಬ್ಬಿ ಯಾರನ್ನೂ ನಂಬಂಗಿಲ್ಲ. ದೀಪ ಹಚ್ಚಿ, ಗಾಡಿಯನ್ನು ಮೆಲ್ಲಕ ಮನಿ ಮುಟ್ಟುವಷ್ಟಕ್ಕೇ ಬಿಡತೈತಿ. ಸ್ಕ್ಯಾನರಿನಲ್ಲಿ ಪಿ 2138 ಅಂತ ಬಂದರೆ ಈ ಎರಡು ಸಾಕ್ಷಿಗಳ ಜಗಳ. ಪಿ 0122 ಅಂದ್ರ ವೋಲ್ಟ್ ಬಹಳ ಕಡಿಮೆ, ಪಿ 0123 ಅಂದ್ರ ಬಹಳ ಹೆಚ್ಚು. ಲಕ್ಷ ಕೊಟ್ಟು ನೋಡ್ರಿ, ಇದರಾಗ ಯಾವುದೂ 'ಸೆನ್ಸರ್ ಬದಲಿ ಮಾಡು' ಅಂತ ಹೇಳಿಲ್ಲ. ವೋಲ್ಟ್ ಸರಿ ಇಲ್ಲ ಅಂತ ಅಷ್ಟೇ ಹೇಳೈತಿ.

ಇದು ನಮ್ಮ ಗಾಡಿಗಳ ತಾಪತ್ರಯ ಮಾತ್ರ ಅಲ್ಲ. 2009-10ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಾರು ತಾನೇ ಓಡತಾವ ಅಂತ ದೊಡ್ಡ ಗದ್ದಲ ಆಯಿತು. ಕೊನೆಗೆ ನಾಸಾದ ಇಂಜಿನಿಯರುಗಳೇ ಪರೀಕ್ಷೆ ಮಾಡಿದರು. ಗಾಡಿ ಹುಚ್ಚಾಪಟ್ಟೆ ಓಡಲಿಕ್ಕೆ ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ ಅಂತ 2011ರ ವರದಿ ಬಂತು. ಆದರೆ ಕೆಲವು ಪೆಡಲ್ ಸೆನ್ಸರ್ ಒಳಗ ತವರದ ಕೂದಲಿನಂಥ ಎಳೆ ಬೆಳೆದಿದ್ದವು ಅಂತ ಅದೇ ವರದಿಯಲ್ಲಿ ಬರೆದಾರ. ಅಂಥ ಕಂಪನಿಗೂ ಈ ಸಣ್ಣ ಸಾಮಾನು ತಲಿನೋವು ಕೊಟ್ಟೈತಿ.

ನಮ್ಮ ಮನಿ ಗಾಡಿ ಮಾತು ಹೇಳತೀನಿ. ಮಣೂಕ ಹೇರಿಕೊಂಡು ತಾಸಗಾಂವ ಕಡೆ ಹೊಂಟಿತ್ತು. ತಿಕೋಟಾ ದಾಟಿದ ಮ್ಯಾಲ ಏರಿನಲ್ಲಿ ಜರ್ಕ್ ಹೊಡೆಯಲಿಕ್ಕೆ ಹತ್ತಿತು, ಆಮೇಲೆ ದೀಪ ಹತ್ತಿ ಐಡಲ್ ಮ್ಯಾಲೇ ನಿಂತಿತು. ಬಂದ್ ಮಾಡಿ ಚಾಲೂ ಮಾಡಿದರೆ ಸ್ವಲ್ಪ ದೂರ ಸರಿ, ಮತ್ತ ಹಂಗೇ. ಒಂದು ಕಡೆ ತೋರಿಸಿದ್ವಿ, ಡಬ್ಬಿನೇ ಹೋಗೇತಿ ಅಂದ್ರು. ನಮ್ಮ ಅಣ್ಣನ ಮಗ ಐಟಿಐ ಕಲಿತಾನ. "ಕಾಕಾ, ಡಬ್ಬಿ ಹೋಗಿದ್ರ ಚಾಲೂನೇ ಆಗತಿರಲಿಲ್ಲ. ಮೊದಲ ಪೆಡಲ್ ನೋಡೋಣ ತಡೀರಿ" ಅಂದ. ಕೀಲಿ ಆನ್, ಇಂಜಿನ್ ಬಂದ್. ಮುಳ್ಳಿನ ಮೀಟರ್ ಹಚ್ಚಿ ಪೆಡಲನ್ನು ಮೆಲ್ಲಕ ಒತ್ತಲಿಕ್ಕೆ ಹೇಳಿದ. ಮುಳ್ಳು ಏರತಾ ಹೋತು, ಒಂದು ಜಾಗಕ್ಕ ಬಂದಾಗ ದಪ್ಪನೆ ಬಿದ್ದು ಮತ್ತ ಎದ್ದಿತು. ಮೂರು ಸಲ ಮಾಡಿದ್ರೂ ಅದೇ ಜಾಗ. ಎಲ್ಲಿ ಅಂದ್ರ, ಹೇರು ಹಾಕಿಕೊಂಡು ಸಮ ರಸ್ತೆಯಲ್ಲಿ ಹೋಗುವಾಗ ಡ್ರೈವರ್ ಕಾಲು ಸದಾ ನಿಲ್ಲುವ ಜಾಗ. ಎತ್ತಿನ ಗಾಡಿ ದಿನಾ ಹೋದಲ್ಲೇ ಜಾಡು ಬೀಳುವಂಗ ಪಟ್ಟಿ ಅಲ್ಲೇ ಸವೆದಿತ್ತು. ಪೆಡಲ್ ಸೆನ್ಸರ್ ಬದಲಿ ಆತು, ಗಾಡಿ ಸರಿ ಆತು. ಡಬ್ಬಿ ಈಗಲೂ ಹಳೇದೇ ಐತಿ.

ಈಗ ಬದಲಿ ಮಾಡುವ ಕ್ರಮ. ಇದನ್ನು ಮಿಸ್ತ್ರಿ ಮುಂದ ನಿಂತು ಕೇಳಬಹುದು.

ಮೊದಲು ಕನೆಕ್ಟರ್ ಬಿಚ್ಚಿ ನೋಡಬೇಕು. ಗಾಡಿ ತೊಳೆಯುವಾಗ ನೀರು ಹೊಕ್ಕು ಪಿನ್ ಹಸಿರು ಹಿಡಿದಿರತಾವ. ಜೋಳ, ಗೋವಿನಜೋಳದ ಚೀಲ ಇರುವ ಕಡೆ ನಿಲ್ಲಿಸಿದರೆ ಇಲಿ ವೈರ್ ಕಡಿದಿರತಾವ. ಹಂಗಿದ್ದರ ಹೊಸ ಸೆನ್ಸರ್ ಹಾಕಿದರೂ ತೊಂದರೆ ಹೋಗಂಗಿಲ್ಲ. ಎರಡನೇದು, ಕೀಲಿ ಆನ್ ಮಾಡಿ ವೈರಿನ ಕಡೆ 5 ವೋಲ್ಟ್ ಬರತೈತಾ, ಅರ್ಥ್ ಗಟ್ಟಿ ಐತಾ ನೋಡಬೇಕು. ಬಲ್ಬಿನ ಟೆಸ್ಟ್ ಲ್ಯಾಂಪ್ ಬ್ಯಾಡ, ಅದು ಹೆಚ್ಚು ಕರೆಂಟ್ ಎಳೆದು ಡಬ್ಬಿಗೆ ಪೆಟ್ಟು ಕೊಡತೈತಿ. ಮೀಟರೇ ಬೇಕು. ವೈರಿನ ತೊಗಲಿಗೆ ಸೂಜಿ ಚುಚ್ಚಬ್ಯಾಡ್ರಿ, ಅಲ್ಲಿಂದಲೇ ಮುಂದ ನೀರು ಹೊಗತೈತಿ. ಕನೆಕ್ಟರಿನ ಹಿಂದಿನಿಂದ ತಾಗಿಸಬೇಕು. 5 ವೋಲ್ಟ್, ಅರ್ಥ್ ಎರಡೂ ಸರಿ ಇದ್ದು, ಸಿಗ್ನಲ್ ವೋಲ್ಟ್ ಮಾತ್ರ ನಡುವೆ ಜಿಗಿದರೆ ಆಗ ಸೆನ್ಸರ್ ಹೋಗೇತಿ ಅಂತ ಹೇಳಬಹುದು.

ಬದಲಿ ಕೆಲಸ ಸಣ್ಣದು. ಕೀಲಿ ಬಂದ್ ಮಾಡಿ ಬ್ಯಾಟರಿಯ ಮೈನಸ್ ವೈರ್ ತೆಗೆಯಬೇಕು. ಕನೆಕ್ಟರಿನ ಲಾಕ್ ಒತ್ತಿ ಬಿಚ್ಚಬೇಕು, ವೈರ್ ಹಿಡಿದು ಜಗ್ಗಬಾರದು. ಎರಡು ಮೂರು ಬೋಲ್ಟ್ ಇರತಾವ. ಪೆಡಲಿನದು ಬಹಳಷ್ಟು ಗಾಡಿಗಳಲ್ಲಿ ಪೆಡಲ್ ಸಮೇತ ಒಂದೇ ಸೆಟ್ ಬರತೈತಿ, ಅದಕ್ಕ ಹೊಂದಿಸುವ ಕೆಲಸ ಇರಂಗಿಲ್ಲ. ಪಂಪಿನ ಲೀವರ್ ಮ್ಯಾಲಿನದಕ್ಕೆ ಬೋಲ್ಟಿನ ತೂತು ಉದ್ದ ಇರತಾವ. ಕಾಲು ಬಿಟ್ಟಾಗ ಕಂಪನಿ ಹೇಳಿದ ವೋಲ್ಟ್ ಬರುವ ತನಕ ತಿರುವಿ ನಿಲ್ಲಿಸಿ ಬಿಗಿ ಮಾಡಬೇಕು. ಆ ಅಂಕಿ ಗಾಡಿ ಗಾಡಿಗೆ ಬ್ಯಾರೆ, ಅಂದಾಜಿನ ಮ್ಯಾಲ ಮಾಡಿದರೆ ಗಾಡಿ ಸರಿ ಎಳೆಯಂಗಿಲ್ಲ. ಗಾಳಿ ಕೊಳವೆದು ಬದಲಿ ಮಾಡಿದರೆ ಕೆಲವಕ್ಕೆ ಸ್ಕ್ಯಾನರ್ ಹಚ್ಚಿ ಹೊಸದನ್ನು ಡಬ್ಬಿಗೆ ಪರಿಚಯ ಮಾಡಿಸಬೇಕು. ಎಲ್ಲಾ ಮುಗಿದ ಮ್ಯಾಲ ಕೋಡ್ ಅಳಿಸಿ, ಹೇರು ಹಾಕಿಕೊಂಡು ಒಂದು ಏರು ಹತ್ತಿಸಿ ನೋಡಿ ಆಮೇಲೆ ರೊಕ್ಕ ಕೊಡ್ರಿ.

ಸರಳು ತೆಗೆದು ಸೆನ್ಸರ್ ಇಟ್ಟದ್ದು ತಪ್ಪು ಅಂತ ನಾನು ಹೇಳಂಗಿಲ್ಲ. ಹೊಗೆ ಇಳಿಸಬೇಕಾಗಿತ್ತು, ಅದಕ್ಕ ಇದು ಬೇಕಾಗಿತ್ತು. ನಮ್ಮ ಮಕ್ಕಳ ಎದಿಗೆ ಅದರಿಂದ ಉಪಕಾರನೇ ಆಗೇತಿ. ಆದರ ಆ ಬದಲಾವಣೆಯೊಳಗ ರೈತನ ಕೈಯಿಂದ ಒಂದು ಹೋತು, ಅದು ಕೆಟ್ಟದ್ದನ್ನು ಸ್ವತಃ ನೋಡುವ ಅಧಿಕಾರ. ಕಾಣದೇ ಇರುವುದಕ್ಕೆ ಯಾವ ಬಿಲ್ ಹೇಳಿದರೂ ಹೂಂ ಅನ್ನಬೇಕಾಗತೈತಿ. ಹಸಿ ದ್ರಾಕ್ಷಿ, ಲಿಂಬಿ ಹೇರಿದ ಗಾಡಿ ಎರಡು ದಿನ ನಿಂತರೆ ಮಾಲು ಕೆಡತೈತಿ ಅನ್ನುವ ಅವಸರದಾಗ ನಾವು ಕೇಳುವುದನ್ನೂ ಬಿಡತೀವಿ. ಹಿಂದೆ ಗಾಡಿಯೊಳಗ ಪಾನಾ, ಜ್ಯಾಕ್, ಕಟ್ಟುವ ತಂತಿ ಇಟ್ಟುಕೊಳ್ಳತಿದ್ವಿ. ಈಗ ಅದರ ಜೊತಿಗೆ ಒಂದು ಅಗ್ಗದ ಮೀಟರ್ ಇಡ್ರಿ. ಮನಿಯೊಳಗ ಐಟಿಐ, ಡಿಪ್ಲೊಮಾ ಕಲಿತ ಹುಡುಗರಿಗೆ, ಹುಡುಗಿಯರಿಗೂ, ಅದನ್ನು ಹಿಡಿಯಲಿಕ್ಕೆ ಹೇಳ್ರಿ. ಸಾಮಾನು ಬದಲಿ ಮಾಡಿಸಿದರೆ ಹಳೇದನ್ನು ಕೇಳಿ ಇಸಗೊಳ್ರಿ, ಅದರ ಮೇಲಿನ ಪಾರ್ಟ್ ನಂಬರ್ ಬರೆದಿಡ್ರಿ, ಯಾವ ತಿಂಗಳು ಎಷ್ಟು ಕಿಲೋಮೀಟರಿಗೆ ಹಾಕಿದ್ವಿ ಅಂತ ಡೈರಿಯೊಳಗ ಒಂದು ಸಾಲು ಇರಲಿ.

ಮುಂದಿನ ಸಲ ಮಣೂಕದ ಶೆಡ್ಡಿನ ವಿಷಯ ಬರೀತೀನಿ. ಬರಲ್ರೀ.